ಅಹಿಂಸಾಣುವ್ರತವೂ ಹೊಲದ ಬೇಲಿಯೂ

ಅಂತಿಮ ತೀರ್ಥಂಕರರಾದ ಶ್ರೀ ವರ್ಧಮಾನ ಸ್ವಾಮಿಯ ಭವಾವಳಿಯನ್ನು ಗುಣಭದ್ರಾಚಾರ್ಯರು ಉತ್ತರಪುರಾಣದಲ್ಲಿ ಒಬ್ಬ ಬೇಡನಿಂದ ಆರಂಭಿಸಿದ್ದಾರೆ. ಪುಷ್ಕಲಾವತೀ ದೇಶದ ಪುಂಡರೀಕಿಣೀ ನಗರದ ಸಮೀಪದಲ್ಲಿ ಮಧುಕವೆಂಬ ವನವಿತ್ತು. ಅಲ್ಲಿ ಪುರೂರವನೆಂಬ ವ್ಯಾಧರ ಒಡೆಯನು ತನ್ನ ಪತ್ನಿ ಕಾಲಿಕೆಯೊಡನೆ ವಾಸವಾಗಿದ್ದನು. ದಾರಿ ತಪ್ಪಿ ಆ ವನಕ್ಕೆ ಬಂದ ಸಾಗರಸೇನ ಮುನಿಗಳನ್ನು ಅವನು ದೂರದಿಂದ ಕಂಡು, ಯಾವುದೋ ಮೃಗವೆಂದು ಭಾವಿಸಿ ಬಾಣವನ್ನು ಹೂಡಿದನು. ಕಾಲಿಕೆಯು ತಡೆದು, ಇವರು ಮೃಗವಲ್ಲ, ವನದಲ್ಲಿ ಸಂಚರಿಸುವ ದೇವತೆಗಳು, ಕೊಲ್ಲಬೇಡ ಎಂದಳು. ಪುರೂರವನು ಬಿಲ್ಲನ್ನಿಳಿಸಿ ಮುನಿಗಳ ಬಳಿಗೆ ಹೋಗಿ ನಮಸ್ಕರಿಸಿದನು. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ವ್ರತವಾಗಿ ಸ್ವೀಕರಿಸಿದನು. ಆಯುಷ್ಯ ಮುಗಿಯುವವರೆಗೂ ಅದನ್ನು ಪಾಲಿಸಿ ಸೌಧರ್ಮ ಕಲ್ಪದಲ್ಲಿ ದೇವನಾದನು. ಆ ಜೀವವೇ ಮುಂದೆ ಭರತ ಚಕ್ರವರ್ತಿಯ ಮಗ ಮರೀಚಿಯಾಗಿ, ಅನೇಕ ಭವಗಳ ಏಳುಬೀಳುಗಳನ್ನು ಕಂಡು, ಕೊನೆಗೆ ಕುಂಡಪುರದಲ್ಲಿ ತ್ರಿಶಲಾದೇವಿಯ ಗರ್ಭವನ್ನು ಸೇರಿತು.

ಈ ಕಥೆಯನ್ನು ಕೇಳುವಾಗ ಶ್ರಾವಕ ಶ್ರಾವಿಕೆಯರು ಗಮನಿಸತಕ್ಕ ಒಂದು ಸಂಗತಿಯುಂಟು. ಪುರೂರವನಿಗೆ ಬೇಟೆಯು ವಿನೋದವಾಗಿರಲಿಲ್ಲ, ಅದು ಅವನ ಜೀವನೋಪಾಯವಾಗಿತ್ತು. ವ್ರತ ಹಿಡಿದ ಮರುದಿನ ಅವನ ಗುಡಿಸಲಿನ ಮಡಕೆಯಲ್ಲಿ ಏನು ಬೆಂದಿತೆಂಬ ಚಿಂತೆಯು ಓದುವವರಿಗೆ ಬರದೆ ಇರದು. ಅವನು ತನ್ನ ಹಸಿವನ್ನು ಕೊಟ್ಟು ಆ ವ್ರತವನ್ನು ಕೊಂಡನು. ತಲೆತಲಾಂತರದಿಂದ ಮಾಂಸವನ್ನು ಮುಟ್ಟದ ವಂಶದಲ್ಲಿ ಹುಟ್ಟಿದ ಗೃಹಸ್ಥನಿಗಾದರೋ ಬೇಟೆಯ ತ್ಯಾಗವು ಬಿಡಿಕಾಸಿನ ಖರ್ಚಿಲ್ಲದೆ, ಅಜ್ಜನ ಆಸ್ತಿಯಂತೆ, ಕೈಗೆ ಬಂದಿದೆ. ಹಾಗೆ ಬಂದ ವ್ರತಕ್ಕೆ ಇಂದು ಲೋಕದಲ್ಲಿ ಒಂದು ಪರೀಕ್ಷೆಯು ಒದಗಿದೆ.

ಅಮೆರಿಕ ದೇಶದ ಅನೇಕ ನಗರಗಳ ಅಂಚಿನಲ್ಲಿ ಸಾರ್ವಜನಿಕ ಸಂರಕ್ಷಿತ ಭೂಮಿಗಳಿವೆ. ಅಲ್ಲಿ ತೋಳ ಮೊದಲಾದ ಹಿಂಸ್ರಪ್ರಾಣಿಗಳನ್ನು ಮನುಷ್ಯರು ಹಿಂದೆಯೇ ಇಲ್ಲದಂತೆ ಮಾಡಿದ್ದರಿಂದ ಜಿಂಕೆಗಳು ಮಿತಿಮೀರಿ ಹೆಚ್ಚಿವೆ. ಅವು ಮನೆಯ ತೋಟಗಳನ್ನು ಮೇಯುತ್ತವೆ, ಕಾಡಿನ ಎಳೆಯ ಸಸಿಗಳನ್ನು ತಿಂದು ಮರ ಬೆಳೆಯದಂತೆ ಮಾಡುತ್ತವೆ, ರಾತ್ರಿಯಲ್ಲಿ ರಸ್ತೆಗೆ ಬಂದು ವಾಹನಗಳಿಗೆ ಸಿಕ್ಕಿ ತಾವೂ ಸಾಯುತ್ತವೆ, ಜನರನ್ನೂ ಸಾಯಿಸುತ್ತವೆ. ಬಂದೂಕನ್ನು ಬಳಸಿದರೆ ಗುಂಡು ತಪ್ಪಿ ಮನೆಗಳಿಗೆ ತಗುಲೀತೆಂಬ ಭಯದಿಂದ, ಬಿಲ್ಲುಬಾಣದ ಬೇಟೆಗೆ ಅನುಮತಿ ಕೊಡಬೇಕೆ ಬೇಡವೆ ಎಂದು ಅಲ್ಲಿನ ನಗರಸಭೆಗಳಲ್ಲಿ ಚರ್ಚೆ ನಡೆಯುತ್ತದೆ. ಹಲವು ಕಡೆ ಅನುಮತಿ ದೊರೆತೂ ಇದೆ. ಬೇಟೆಗಾರನು ಮರದ ಮೇಲೆ ಕಟ್ಟಿದ ಅಟ್ಟಣೆಯಲ್ಲಿ ಸದ್ದಿಲ್ಲದೆ ಕುಳಿತು, ಹತ್ತಾರು ಗಜಗಳಷ್ಟು ಸಮೀಪಕ್ಕೆ ಬಂದ ಜಿಂಕೆಗೆ ಬಾಣ ಬಿಡುತ್ತಾನೆ. ಬಾಣ ತಗುಲಿದ ಜಿಂಕೆಯು ಸಾಮಾನ್ಯವಾಗಿ ಅಲ್ಲಿಯೇ ಬೀಳುವುದಿಲ್ಲ. ಅದು ಓಡುತ್ತದೆ. ಬೇಟೆಗಾರನು ಸ್ವಲ್ಪ ಹೊತ್ತು ಕಾದು, ನೆತ್ತರಿನ ಜಾಡು ಹಿಡಿದು ಹುಡುಕುತ್ತಾನೆ. ಕೆಲವು ಸಿಕ್ಕುತ್ತವೆ, ಕೆಲವು ಸಿಕ್ಕುವುದಿಲ್ಲ. ಅಲ್ಲಿ ಅನುಮತಿಯನ್ನು ಬೇಡುವವರೆಲ್ಲರೂ ಕ್ರೂರಿಗಳೆಂದು ಹೇಳುವುದು ನ್ಯಾಯವಾಗದು. ಕಾಡು ಉಳಿಯಲೆಂಬ ಕಾಳಜಿಯಿಂದ ಕೇಳುವವರೂ ಅವರಲ್ಲಿದ್ದಾರೆ. ಸತ್ತ ಪ್ರಾಣಿಯ ಮಾಂಸವನ್ನು ಬಡವರ ಊಟಕ್ಕೆ ಕೊಡುವ ಏರ್ಪಾಡುಗಳೂ ಅಲ್ಲಿ ಉಂಟು.

ಭಾರತದಲ್ಲಿ ಇಂತಹ ಬೇಟೆಗೆ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿತು. ಪರವಾನಗಿ ಪಡೆದು ಬೇಟೆಯಾಡಲು ಆ ಕಾಯಿದೆಯಲ್ಲಿ ಉಳಿದಿದ್ದ ದಾರಿಯನ್ನು 1991ರ ತಿದ್ದುಪಡಿಯು ಮುಚ್ಚಿತು. ಆದರೂ ಬಾಗಿಲಿನಲ್ಲಿ ಒಂದು ಕಿಂಡಿಯಿದೆ. ನಿಂತ ಬೆಳೆಗೆ ಹಾನಿ ಮಾಡುವ ಕೆಲವು ಪ್ರಾಣಿಗಳನ್ನು ಕೊಲ್ಲಲು ರಾಜ್ಯದ ಮುಖ್ಯ ವನ್ಯಜೀವಿ ಪಾಲಕರು ಲಿಖಿತ ಅನುಮತಿ ಕೊಡಬಹುದು. ಕೇಂದ್ರ ಸರ್ಕಾರವು ಕೆಲವು ಜಾತಿಯ ಪ್ರಾಣಿಗಳನ್ನು ಗೊತ್ತಾದ ಪ್ರದೇಶಕ್ಕೆ, ಗೊತ್ತಾದ ಅವಧಿಗೆ ಉಪದ್ರವಕಾರಿಗಳೆಂದು ಘೋಷಿಸಬಹುದು. ಬಿಹಾರದಲ್ಲಿ ನೀಲಗಾಯಿಯನ್ನು ಹೀಗೆ ಘೋಷಿಸಿದ ಮೇಲೆ, 2016ರ ಜೂನ್ ತಿಂಗಳಿನಲ್ಲಿ ಮೊಕಾಮಾ ಎಂಬಲ್ಲಿ ಹೊರಗಿನಿಂದ ಕರೆಸಿದ ಬಂದೂಕುಗಾರರು ಇನ್ನೂರಕ್ಕೂ ಮಿಕ್ಕಿ ನೀಲಗಾಯಿಗಳನ್ನು ಕೊಂದರು. ಕೇಂದ್ರ ಮಂತ್ರಿಮಂಡಲದ ಇಬ್ಬರು ಸಚಿವರೇ ಇದರ ಬಗ್ಗೆ ಬಹಿರಂಗವಾಗಿ ಭಿನ್ನ ಮಾತುಗಳನ್ನಾಡಿದರು. ನೆರೆಯ ಕೇರಳದಲ್ಲಿ 2022ರಲ್ಲಿ ಕಾಡುಹಂದಿಗಳನ್ನು ಕೊಲ್ಲಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರ ಕೈಗೇ ಕೊಡಲಾಯಿತು.

ಇದು ಕರ್ನಾಟಕದ ಶ್ರಾವಕರಿಗೆ ದೂರದ ಮಾತಲ್ಲ. ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯು ಈಗ ಕೈಗಾರಿಕಾ ಪ್ರದೇಶವೆಂದೇ ಹೆಸರಾಗಿದೆ. ಬೆಂಗಳೂರಿನಿಂದ ಒಂದು ಬೆಳಗಿನ ಪ್ರಯಾಣ. ಕಾರ್ಖಾನೆಯ ಗೋಡೆಗಳಾಚೆಗೆ ಮುಸುಕಿನ ಜೋಳ, ಕಡಲೆಕಾಯಿ, ರಾಗಿಯ ಹೊಲಗಳು. ಅಲ್ಲಿಂದ ಪಶ್ಚಿಮದ ಕಡೆಗೆ ಹೊರಟು ತುಮಕೂರು ಜಿಲ್ಲೆಯ ಗಡಿಯನ್ನು ದಾಟಿದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. ಅಲ್ಲಿ ಸುಮಾರು 798 ಎಕರೆ ಹುಲ್ಲುಗಾವಲಿದೆ. 2007ರಲ್ಲಿ ಅದನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಸರ್ಕಾರದ ಭೂಮಿಯನ್ನು ಸುತ್ತಲಿನ ಜನರೊಡನೆ ಸಮಾಲೋಚಿಸಿ ಹೀಗೆ ಕಾಯ್ದಿರಿಸುವ ಕ್ರಮವು 2002ರ ತಿದ್ದುಪಡಿಯಿಂದ ಬಂದುದು. ಕಪ್ಪು ಮೈಯ, ಸುರುಳಿ ಕೊಂಬಿನ ಗಂಡು. ಕಂದು ಬಣ್ಣದ, ಕೊಂಬಿಲ್ಲದ ಹೆಣ್ಣು. ಹೆದರಿದರೆ ಇಡೀ ಹಿಂಡು ಒಂದರ ಹಿಂದೊಂದು ನೆಗೆಯುತ್ತಾ ಓಡುವ ನೋಟ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನು ಬಿಟ್ಟರೆ ಕರ್ನಾಟಕದಲ್ಲಿ ಈ ಮೃಗಗಳು ಹೆಚ್ಚಾಗಿ ಕಾಣುವುದು ಇಲ್ಲಿಯೇ.

ಅವುಗಳಿಗೆ ಗಡಿಯ ಕಲ್ಲು ತಿಳಿಯದು. ಹುಲ್ಲು ಒಣಗಿದಾಗ ಅವು ಹೊಲಕ್ಕೆ ಬರುತ್ತವೆ, ಕಡಲೆಕಾಯಿಯ ಎಳೆಯ ಬಳ್ಳಿಯನ್ನು ಮೇಯುತ್ತವೆ. ರಾತ್ರಿಯಲ್ಲಿ ಕಾಡುಹಂದಿಗಳು ನೆಲವನ್ನೇ ಬಗೆದು ಕಾಯಿಯನ್ನು ತಿನ್ನುತ್ತವೆ, ಜೋಳದ ದಂಟನ್ನು ಉರುಳಿಸಿ ಹೋಗುತ್ತವೆ. ಇದು ಬಯಲುಸೀಮೆಯ ಮಳೆಯಾಶ್ರಿತ ನೆಲ. ಮಳೆ ಬರುವುದೇ ಕಷ್ಟ. ಬಂದ ವರ್ಷ ಬಿತ್ತಿದ್ದನ್ನು ಹಂದಿ ಬಗೆದರೆ ರೈತನಿಗೆ ಉಳಿಯುವುದು ಸಾಲ ಮಾತ್ರ. ಹಿಂದೆ ಊರಿನ ಗೋಮಾಳಗಳೂ ಹುಲ್ಲುಬಯಲುಗಳೂ ವಿಶಾಲವಾಗಿದ್ದವು. ಅವನ್ನು ಬಂಜರೆಂದು ಕರೆದು ನೀಲಗಿರಿ ನೆಟ್ಟರು, ಉತ್ತರು, ಕಟ್ಟಡ ಕಟ್ಟಿದರು. ಮೃಗದ ತಟ್ಟೆಯಿಂದ ಕಿತ್ತುಕೊಂಡವರು ನಾನಾ ಜನ. ಮೃಗವು ಬಂದು ಕುಳಿತದ್ದು ಮಾತ್ರ ಒಬ್ಬ ಬಡ ರೈತನ ಪಂಕ್ತಿಯಲ್ಲಿ. ಆತನು ಪೇಟೆಯ ಶ್ರಾವಕನೊಬ್ಬನ ಅಂಗಡಿಗೆ ಬಂದು, ಸ್ವಾಮಿ, ಜಿಂಕೆಯ ಪ್ರಾಣ ಉಳಿಸಿರೆಂದು ಹೇಳುವವರು ನೀವು, ಅದಕ್ಕೆ ಮೇವು ಹಾಕುವವನು ನಾನು ಎಂದರೆ, ಆ ಶ್ರಾವಕನು ಏನು ಉತ್ತರ ಕೊಡಬೇಕು?

ಶಾಸ್ತ್ರಕಾರರು ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿರುವುದನ್ನು ಇಲ್ಲಿ ನೆನೆಯಬೇಕು. ಅಡಿಗೆ, ನೀರು, ಮನೆಯ ಕೆಲಸಗಳಲ್ಲಿ ಆಗುವುದು ಆರಂಭೀ ಹಿಂಸೆ. ಕೃಷಿ, ವಾಣಿಜ್ಯಾದಿ ಜೀವನೋಪಾಯಗಳಲ್ಲಿ ಆಗುವುದು ಉದ್ಯೋಗೀ ಹಿಂಸೆ. ತನ್ನನ್ನೂ ತನ್ನವರನ್ನೂ ದೇಶಧರ್ಮಗಳನ್ನೂ ಆಕ್ರಮಿಸುವವನನ್ನು ಎದುರಿಸುವಾಗ ಆಗುವುದು ವಿರೋಧೀ ಹಿಂಸೆ. ಕೊಲ್ಲಬೇಕೆಂದೇ ಸಂಕಲ್ಪಿಸಿ ಕೊಲ್ಲುವುದು ಸಂಕಲ್ಪೀ ಹಿಂಸೆ. ಅಣುವ್ರತಿಯಾದ ಶ್ರಾವಕನು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡುತ್ತಾನೆ. ಉಳಿದ ಮೂರನ್ನು ಯತ್ನಾಚಾರದಿಂದ ಕಡಿಮೆ ಮಾಡುತ್ತಾ ಹೋಗುತ್ತಾನೆ. ಅಸಿ, ಮಸಿ, ಕೃಷಿಗಳನ್ನು ಪ್ರಜೆಗಳಿಗೆ ಕಲಿಸಿದವರು ಆದಿನಾಥ ಸ್ವಾಮಿಯೇ ಆದುದರಿಂದ, ನೇಗಿಲು ಹಿಡಿದವನನ್ನು ಹಿಂಸಕನೆಂದು ಹಳಿಯುವ ಅಧಿಕಾರವು ತಕ್ಕಡಿ ಹಿಡಿದವನಿಗೆ ಇಲ್ಲ.

ಅಟ್ಟಣೆಯ ಮೇಲೆ ಕುಳಿತು ಕೂಗುವುದು, ತಮಟೆ ಬಾರಿಸುವುದು, ಕವಣೆ ಬೀಸಿ ಬೆದರಿಸುವುದು, ಮುಳ್ಳುಬೇಲಿ ಹಾಕುವುದು ರೈತನ ಉದ್ಯೋಗದ ಭಾಗ. ಪೈರು ಪೂರ್ತಿ ಹೋಗಿ, ಬೇರೆ ದಾರಿಯೇ ಕಾಣದೆ, ಕಾಯಿದೆ ಒಪ್ಪಿದ ಕ್ರಮದಲ್ಲಿ ಹಂದಿಯೊಂದು ಕೊಲ್ಲಲ್ಪಟ್ಟರೆ ಅದು ಹಿಂಸೆಯಲ್ಲವೆಂದು ಯಾವ ಆಚಾರ್ಯರೂ ಹೇಳರು. ಆದರೆ ಪ್ರಮತ್ತಯೋಗದ ತೀವ್ರ ಮಂದತೆಗಳಿಂದ ಹಿಂಸೆಯನ್ನು ತೂಗುವ ಜಿನಶಾಸನದಲ್ಲಿ ಆ ರೈತನ ಸಂಕಟಕ್ಕೂ, ಹಣ ಕೊಟ್ಟು ಚೀಟಿ ಪಡೆದು ರಜೆಯ ದಿನ ಬಿಲ್ಲು ಹೊತ್ತು ಹೊರಡುವವನ ಉಲ್ಲಾಸಕ್ಕೂ ಒಂದೇ ತೂಕವಲ್ಲ. ಮೀಸಲು ಭೂಮಿಯೊಳಗೆ ಹುಲ್ಲು ಮೇಯುತ್ತಿರುವ ಮೃಗವು ಯಾರ ವಿರೋಧಿ? ಅದನ್ನು ಅಲ್ಲಿಗೇ ಹೋಗಿ ಹೊಡೆಯುವುದು ಸಂಕಲ್ಪವಲ್ಲದೆ ಬೇರೆಯಲ್ಲ. ಸಪ್ತವ್ಯಸನಗಳಲ್ಲಿ ಬೇಟೆಯನ್ನು ಎಣಿಸಿದುದಕ್ಕೂ ಇದೇ ಕಾರಣ. ವ್ಯಸನಕ್ಕೆ ಉಪಯೋಗದ ಬಣ್ಣ ಬಳಿದರೂ ಒಳಗಿನ ರಸವು ಹಾಗೆಯೇ ಇರುತ್ತದೆ.

ಸಂಕಲ್ಪದ ಭಾರವೆಷ್ಟೆಂಬುದನ್ನು ಕನ್ನಡನಾಡಿಗೆ ತಿಳಿಸಿಕೊಟ್ಟವನು ಜನ್ನ ಕವಿ. 1209ರಲ್ಲಿ ಅವನು ಮುಗಿಸಿದ ಯಶೋಧರ ಚರಿತೆಯನ್ನು ಜೀವದಯಾಷ್ಟಮಿಯ ನೋಂಪಿಯ ಕಥೆಯಾಗಿ ಶ್ರಾವಕರು ಬಲ್ಲರು. ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ತಿರ್ಯಂಚ ಜನ್ಮಗಳಲ್ಲಿ ತೊಳಲಿದರು. ಇಷ್ಟನ್ನು ಎಲ್ಲರೂ ನೆನಪಿಡುತ್ತಾರೆ. ಆ ತೊಳಲಾಟದ ಕೊನೆಯನ್ನು ಮರೆಯುವವರೇ ಹೆಚ್ಚು. ಕಡೆಯ ತಿರ್ಯಂಚ ಜನ್ಮದಲ್ಲಿ ಅವರಿಬ್ಬರೂ ಕೋಳಿಗಳಾಗಿ ಹುಟ್ಟಿ, ಚಂಡಕರ್ಮನೆಂಬ ತಳವಾರನ ಬಳಿ ಪಂಜರದಲ್ಲಿದ್ದಾಗ, ಅಕಂಪನ ಮುನಿಗಳ ಉಪದೇಶವನ್ನು ಕೇಳಿ ಜಾತಿಸ್ಮರಣೆ ಹೊಂದಿ ವ್ರತವನ್ನು ಕೈಕೊಂಡವು. ಆ ಸಂತೋಷವನ್ನು ತಡೆಯಲಾರದೆ ಕೂಗಿದವು. ಅದೇ ವೇಳೆಗೆ ವನದಲ್ಲಿ ರಾಣಿ ಕುಸುಮಾವಳಿಯೊಡನೆ ವಿಹರಿಸುತ್ತಿದ್ದ ಯಶೋಮತಿ ರಾಜನು, ತನ್ನ ಶಬ್ದವೇಧಿ ವಿದ್ಯೆಯನ್ನು ಅವಳಿಗೆ ತೋರಿಸಲೆಂದು, ಕೂಗು ಬಂದ ಕಡೆಗೆ ಬಾಣ ಬಿಟ್ಟನು. ಎರಡು ಕೋಳಿಗಳೂ ಸತ್ತವು.

ಅವು ಅವನ ಅಜ್ಜಿಯೂ ತಂದೆಯೂ ಆಗಿದ್ದರು. ಅವನಿಗೆ ತಿಳಿಯದು. ಅವನಿಗೆ ಹಸಿವಿರಲಿಲ್ಲ, ಕೋಳಿಗಳ ಮೇಲೆ ದ್ವೇಷವೂ ಇರಲಿಲ್ಲ. ಕೈಚಳಕವನ್ನು ಹೆಂಡತಿಗೆ ತೋರಿಸುವ ಒಂದು ಸಣ್ಣ ಆಸೆ, ಅಷ್ಟೆ. ಆ ಜೀವಗಳು ಕುಸುಮಾವಳಿಯ ಗರ್ಭದಲ್ಲಿಯೇ ಅಭಯರುಚಿ, ಅಭಯಮತಿಯರಾಗಿ ಹುಟ್ಟಿದವು. ಮುಂದೊಮ್ಮೆ ಅದೇ ರಾಜನು ಬೇಟೆಗೆ ಹೋಗಿ, ಸುದತ್ತ ಮುನಿಗಳನ್ನು ಕಂಡು ಅಪಶಕುನವೆಂದು ನಾಯಿಗಳನ್ನು ಛೂ ಬಿಟ್ಟಾಗ, ನಾಯಿಗಳು ಮುನಿಗಳ ಮುಂದೆ ಶಾಂತವಾಗಿ ನಿಂತವು. ಅಲ್ಲಿ ತನ್ನ ತಂದೆಯ ವೃತ್ತಾಂತವನ್ನು ಕೇಳಿದ ಮೇಲೆ ಅವನು ರಾಜ್ಯವನ್ನೇ ತೊರೆದನು. ಕಾಣದ ಕಡೆಗೆ ಬಿಟ್ಟ ಬಾಣವು ಯಾರಿಗೆ ತಗುಲೀತೆಂಬುದು ಬಿಟ್ಟವನಿಗೆ ತಿಳಿಯದೆಂಬುದಕ್ಕೆ ಈಚಿನ ನಿದರ್ಶನವೂ ಉಂಟು. 2020ರ ಮೇ ತಿಂಗಳಿನಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ, ಹಂದಿಗಳನ್ನು ಕೊಲ್ಲಲು ಬಳಸುವಂತಹ ಸಿಡಿಮದ್ದು ತುಂಬಿದ್ದ ಹಣ್ಣನ್ನು ಗರ್ಭಿಣಿಯಾದ ಆನೆಯೊಂದು ಕಚ್ಚಿತು. ಬಾಯಿ ಒಡೆದು, ಉಣ್ಣಲಾರದೆ, ನದಿಯ ನೀರಿನಲ್ಲಿ ನಿಂತೇ ಅದು ಪ್ರಾಣ ಬಿಟ್ಟಿತು.

ಇನ್ನು ಬಿಲ್ಲನ್ನು ಮುಟ್ಟದ ಶ್ರಾವಕನ ವಿಷಯ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು, ಹಿಂಸೆಯನ್ನು ಒಬ್ಬನು ಮಾಡಿದರೂ ಅದರ ಫಲಕ್ಕೆ ಅನೇಕರು ಭಾಗಿಗಳಾಗುವ ಸಂದರ್ಭವಿದೆಯೆಂದು ಎಚ್ಚರಿಸಿದ್ದಾರೆ. ಕೃತ, ಕಾರಿತ, ಅನುಮೋದನೆಗಳೆಂಬ ಮೂರರಲ್ಲಿ ಅನುಮೋದನೆಯೇ ನಾಗರಿಕನ ಪಾಲಿಗೆ ಬರುವಂತಹುದು. ಗ್ರಾಮಸಭೆಯಲ್ಲಿಯೋ ಪತ್ರಿಕೆಯಲ್ಲಿಯೋ ಕಾಫಿಯ ಮೇಜಿನ ಮುಂದೆಯೋ, ಈ ಜಿಂಕೆ ಹಂದಿಗಳನ್ನು ಒಮ್ಮೆ ಹೊಡೆದುಹಾಕಿದರೆ ತಂಟೆ ತೀರುತ್ತದೆ ಎಂಬ ಮಾತು ಬಾಯಿಗೆ ಸಲೀಸಾಗಿ ಬರುತ್ತದೆ. ಅನರ್ಥದಂಡಗಳಲ್ಲಿ ಪಾಪೋಪದೇಶವನ್ನು ವಿವರಿಸುವಾಗ ಅಕಲಂಕದೇವರು ರಾಜವಾರ್ತಿಕದಲ್ಲಿ ವಧಕೋಪದೇಶವೆಂಬ ಒಂದು ಭೇದವನ್ನು ಹೇಳಿದ್ದಾರೆ. ಇಂತಹ ಪ್ರದೇಶದಲ್ಲಿ ಜಿಂಕೆಗಳೂ ಹಂದಿಗಳೂ ಹಕ್ಕಿಗಳೂ ಹೇರಳವಾಗಿವೆಯೆಂದು ಬೇಟೆಗಾರರಿಗೆ ತಿಳಿಸುವುದೇ ಆ ದೋಷ. ಸಾವಿರ ವರ್ಷಗಳಿಗೂ ಹಿಂದೆ ಬರೆದ ಮಾತನ್ನು ಇಂದಿನ ಚರ್ಚೆಯ ಮುಂದಿಟ್ಟರೆ ಹೊಸದಾಗಿ ಬರೆದಂತೆಯೇ ತೋರುತ್ತದೆ.

ಅದರ ಪಕ್ಕದಲ್ಲಿಯೇ ಹಿಂಸಾದಾನವಿದೆ. ಸಮಂತಭದ್ರ ಸ್ವಾಮಿಗಳು ಹೇಳುವ ಹಿಂಸೋಪಕರಣಗಳಲ್ಲಿ ಕೊಡಲಿ, ಖಡ್ಗ, ಗುದ್ದಲಿ, ಬೆಂಕಿ, ವಿಷ, ಸಂಕೋಲೆಗಳು ಸೇರಿವೆ. ಗುದ್ದಲಿ ಮಾರುವುದೇ ಪಾಪವೆಂದು ಇದರ ಅರ್ಥವಲ್ಲ. ಹಾಗಾದರೆ ಒಕ್ಕಲುತನವೇ ನಿಂತೀತು. ಆದರೆ ಜಿಂಕೆ ಹಂದಿಗಳಿಗೆ ಉರುಳು ಕಟ್ಟುವುದು ಸಾಮಾನ್ಯವಾಗಿ ಬೈಸಿಕಲ್ಲು, ಮೋಟಾರ್ ಸೈಕಲ್ಲುಗಳ ಬ್ರೇಕಿನ ತಂತಿಯಿಂದ. ಬೇಲಿಗೆ ಕಳ್ಳತನದಿಂದ ವಿದ್ಯುತ್ ಹರಿಸುವುದು ಸಾಧಾರಣ ಕಂಬಿಯಿಂದ. ಅದಕ್ಕೆ ಎಷ್ಟೋ ಸಲ ದನವೂ, ಹೊಲ ಕಾಯುವ ಮನುಷ್ಯನೂ ಬಲಿಯಾಗುತ್ತಾರೆ. ಈ ಸರಕುಗಳು ದೊರೆಯುವುದು ಪೇಟೆಯ ಕಬ್ಬಿಣದ ಅಂಗಡಿಗಳಲ್ಲಿ. ಸೈಕಲ್ ಇಲ್ಲದವನು ಇಪ್ಪತ್ತು ಮೊಳ ಬ್ರೇಕ್ ತಂತಿಯನ್ನು ಕೇಳಿದಾಗ, ಅಂಗಡಿಯ ಯಜಮಾನನು ಯಾವುದಕ್ಕೆಂದು ಕೇಳದೆ ಅಳೆದುಕೊಟ್ಟು, ಸಂಜೆ ಬಸದಿಯಲ್ಲಿ ಜೀವದಯೆಯ ಮೇಲೆ ಪ್ರವಚನ ಕೇಳಿ ತಲೆದೂಗಿದರೆ, ಆ ವ್ರತದ ಗತಿಯೇನು? ಕೇಳಿದರೆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆಂಬುದು ನಿಜ. ಹಾಗೆ ಹೋದ ಗಿರಾಕಿಯೇ ಆ ವ್ರತಕ್ಕೆ ತೆರಬೇಕಾದ ಮೊದಲನೆಯ ಬೆಲೆ.

ಎರಡನೆಯ ಬೆಲೆಯು ರೈತನ ಪ್ರಶ್ನೆಗೆ ಸಂಬಂಧಿಸಿದ್ದು. ರಾಜಸ್ಥಾನದ ಬಿಷ್ಣೋಯಿ ಜನರು ಜೈನರಲ್ಲ. 1485ರಲ್ಲಿ ಜಂಭೇಶ್ವರರು ಹಾಕಿಕೊಟ್ಟ 29 ನಿಯಮಗಳನ್ನು ನಡೆಸಿಕೊಂಡು ಬಂದ ಒಕ್ಕಲಿಗರು. ಕೃಷ್ಣಮೃಗವು ತಮ್ಮ ಹೊಲದಲ್ಲಿ ಮೇಯುವುದನ್ನು ಅವರು ಸಹಿಸುತ್ತಾರೆ, ಬೇಟೆಗಾರನು ಬಂದರೆ ಎದುರಾಗಿ ನಿಲ್ಲುತ್ತಾರೆ. ಅವರ ದಯೆಯು ಅವರದೇ ಕಣದ ಕಾಳಿನಿಂದ ನಡೆಯುತ್ತದೆ. ಹೊಲವಿಲ್ಲದ ಶ್ರಾವಕನ ದಯೆಯು ಮತ್ತೊಬ್ಬನ ಕಣದ ಕಾಳಿನಿಂದ ನಡೆಯುತ್ತಿರುವವರೆಗೆ ಅದನ್ನು ಅಭಯದಾನವೆಂದು ಕರೆಯುವುದು ಹೇಗೆ? ದಾನವೆಂದರೆ ತನ್ನದನ್ನು ಬಿಟ್ಟುಕೊಡುವುದು. ಬೇಟೆಗೆ ಅನುಮತಿ ಬೇಡವೆಂದು ಹೇಳುವ ಬಾಯಿಗೆ, ಹೊಲಕ್ಕೆ ಬೇಲಿಯಾಗಲೆಂದು ಬಿಚ್ಚುವ ಕೈಯೂ ಜೊತೆಯಿರಬೇಕು.

ಇದನ್ನು ನಡೆಸುವುದಕ್ಕೆ ಉಪವಾಸದ ದಿನಗಳೇ ಅನುಕೂಲ. ಅಷ್ಟಮಿ ಚತುರ್ದಶಿಗಳಂದು ಪ್ರೋಷಧೋಪವಾಸ ಮಾಡುವ ಮನೆಯಲ್ಲಿ ಆ ದಿನದ ಅಕ್ಕಿ, ಬೇಳೆ, ಎಣ್ಣೆ ಉಳಿಯುತ್ತದೆ. ಉಳಿದದ್ದು ಮರುದಿನದ ಪಾರಣೆಯ ಹೋಳಿಗೆಗೆ ಹೋಗುವುದೇ ಹೆಚ್ಚಿನ ಮನೆಗಳ ರೂಢಿ (ಉಪವಾಸಕ್ಕಿಂತ ಪಾರಣೆಯ ಖರ್ಚೇ ಮಿಗಿಲಾಗುವ ಮನೆಗಳೂ ಇಲ್ಲದಿಲ್ಲ). ಅದರ ಬೆಲೆಯನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟರೆ, ದಶಲಕ್ಷಣ ಪರ್ವದ ಹೊತ್ತಿಗೆ ಹತ್ತು ಮನೆಗಳ ಡಬ್ಬಿಗಳಿಂದ ಮೀಸಲು ಭೂಮಿಯ ಅಂಚಿನ ಬಡ ರೈತನೊಬ್ಬನ ಹೊಲಕ್ಕೆ ಬೇಲಿಯ ಸಾಮಗ್ರಿಯೂ, ಫಸಲು ಬಲಿಯುವ ವಾರಗಳಲ್ಲಿ ಕಾವಲುಗಾರನ ಕೂಲಿಯೂ ಹೊರಡುತ್ತದೆ. ಬೇಲಿಯು ಹೊಲದ ಸುತ್ತ ಇರಲಿ. ಮೃಗಗಳು ನೀರಿಗೆ ಹೋಗುವ ದಾರಿಗೆ ಅಡ್ಡವಾಗಿ ಬರದಿರಲಿ.

ಇನ್ನೊಂದು ಕೆಲಸಕ್ಕೆ ಹಣವೇ ಬೇಡ. ಕಾಡುಪ್ರಾಣಿಗಳಿಂದಾದ ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರಧನ ಕೊಡುವ ವ್ಯವಸ್ಥೆಯಿದೆ. ಅದಕ್ಕೆ ಅರ್ಜಿ, ಪಹಣಿ, ಹಾನಿಯಾದ ಪೈರಿನ ಚಿತ್ರ, ಬ್ಯಾಂಕಿನ ವಿವರ ಇವೆಲ್ಲ ಬೇಕು. ತಡವಾದರೆ ಹಾನಿಯ ಗುರುತೇ ಅಳಿದುಹೋಗುತ್ತದೆ. ಓದುಬರಹ ಬಾರದ ರೈತನು ಕಚೇರಿಗೆ ಎರಡು ಸಲ ಅಲೆದು, ಮೂರನೆಯ ಸಲ ಉರುಳಿನ ತಂತಿಯನ್ನು ಹುಡುಕುತ್ತಾನೆ. ಲೆಕ್ಕಪತ್ರ, ಅರ್ಜಿ, ಕಚೇರಿಗಳ ವ್ಯವಹಾರವೆಲ್ಲ ವ್ಯಾಪಾರದ ಮನೆತನದ ಹುಡುಗರಿಗೆ ನೀರು ಕುಡಿದಷ್ಟು ಸುಲಭ. ಚತುರ್ದಶಿಯ ಉಪವಾಸವನ್ನು ಮುಗಿಸಿ, ಪಾರಣೆಯ ದಿನ ಅಂಗಡಿಯ ಬಾಗಿಲು ತೆಗೆಯುವುದಕ್ಕೆ ಮೊದಲು, ಒಬ್ಬ ಹುಡುಗನು ಹೊಲಕ್ಕೆ ಹೋಗಿ, ಬಿದ್ದ ಜೋಳದ ಚಿತ್ರ ತೆಗೆದು, ಆ ರೈತನ ಪಕ್ಕದಲ್ಲಿ ಬದುವಿನ ಮೇಲೆ ಕುಳಿತು ಅರ್ಜಿಯನ್ನು ಬರೆದುಕೊಟ್ಟು ಬರಬಹುದು.